ಬಾಗಿಲಲ್ಲಿ ಕುಳಿತ ಹೋರ್ಮಿನ್

ಗೋಡೆಯನ್ನು ಕಂಡರೆ ಹೋರ್ಮಿನ್ ಅದನ್ನು ಮಾತನಾಡಿಸದೆ ಮುಂದೆ ಹೋಗುತ್ತಿರಲಿಲ್ಲ. ಬೆರಳ ಗೆಣ್ಣಿನಿಂದ ಮೆಲ್ಲನೆ ತಟ್ಟುವುದು, ತಲೆ ಓರೆ ಮಾಡಿ ಕಿವಿಗೊಡುವುದು, ಆಮೇಲೆ ನಾಡಿ ನೋಡಿದ ವೈದ್ಯನ ಗಾಂಭೀರ್ಯದಿಂದ ನಡೆದುಬಿಡುವುದು. ನೈಲ್ ನದಿಯ ದಂಡೆಯ ಥೀಬ್ಸ್ ನಗರದಲ್ಲಿ ಔತಣಕ್ಕೆ ಕರೆದವರ ಮಣ್ಣಿಟ್ಟಿಗೆಯ ಮನೆಗಳೂ ಈ ಪರೀಕ್ಷೆಯಿಂದ ಪಾರಾಗುತ್ತಿರಲಿಲ್ಲ. ಒಮ್ಮೆ ಬೀಗರ ಮನೆಯಲ್ಲಿ, ಹುರಿದ ಬಾತುಕೋಳಿಯ ಮುಂದೆ ಕೂತು, "ಈ ಗೋಡೆ ಬರೋ ನೆರೆ ತಡೆಯಲ್ಲ" ಎಂದುಬಿಟ್ಟ.

"ಮೊದ್ಲು ಊಟ ಮಾಡಿ. ಅಷ್ಟರಲ್ಲಿ ಬೀಳಲ್ಲ" ಎಂದಳು ಹೆಂಡತಿ ಬಕೆತ್.

ಅಮುನ್ ದೇವರ ಗುಡಿಯ ಕಟ್ಟಡಗಳಿಗೆಲ್ಲ ಅವನೇ ಮೇಲಧಿಕಾರಿ. ಎತ್ತರದ ಆಳು, ಕಲ್ಲಿನ ಧೂಳು ಎದೆಗಿಳಿದು ಸದಾ ಕೆಮ್ಮು, ಉಟ್ಟ ನಾರುಬಟ್ಟೆ ಎಷ್ಟು ಒಗೆದರೂ ಮರಳುಗಲ್ಲಿನ ಬಣ್ಣವನ್ನೇ ಹೊತ್ತಿರುತ್ತಿತ್ತು. ಅವಸರಪಡಿಸಿದವರಿಗೆ ಅವನದು ಒಂದೇ ಉತ್ತರ: "ಮೊದ್ಲು ಕೂರ್ಲಿ." ತಳಪಾಯದ ವಿಷಯದಲ್ಲಿ ಹುಟ್ಟಿದ ಈ ಮಾತನ್ನು ಅವನು ಬಿಯರಿನ ಮಡ್ಡಿಗೂ, ಕೆಲಸದವರ ಜಗಳಕ್ಕೂ, ಮಗಳ ಮದುವೆಯ ಪ್ರಸ್ತಾಪಕ್ಕೂ ನಿರ್ವಿಕಾರವಾಗಿ ಬಳಸುತ್ತಿದ್ದ.

ಹೊಸ ಗುಡಿ ಮುಗಿದ ವರ್ಷ ಅರಸರು ಅರಮನೆಯ ಕಿಟಕಿಯಲ್ಲಿ ದರ್ಶನ ಕೊಟ್ಟು, ನೆರೆದ ಜನರೆದುರು ಅವನ ಕೊರಳಿಗೆ ಚಿನ್ನದ ಹಾರಗಳನ್ನು ಹಾಕಿಸಿದರು. ಅದಕ್ಕಿಂತ ದೊಡ್ಡ ಮರ್ಯಾದೆ ಇನ್ನೊಂದಿತ್ತು: ಗುಡಿಯಲ್ಲಿ ತನ್ನ ಪ್ರತಿಮೆಯನ್ನು ಇರಿಸಿಕೊಳ್ಳುವ ಅನುಮತಿ. ಪ್ರತಿಮೆಯಿದ್ದವನಿಗೆ ಸತ್ತ ಮೇಲೂ ನೈವೇದ್ಯದ ರೊಟ್ಟಿಯಲ್ಲಿ ಪಾಲು. ಹೆಸರು ಹೇಳುವ ಬಾಯಿಗಳಿರುವವರೆಗೆ ಬದುಕು. ಅರ್ಚಕರು ಒಳಮಂಟಪದಲ್ಲಿ, ಗರ್ಭಗುಡಿಯ ಸಮೀಪದಲ್ಲೇ ಜಾಗ ಗೊತ್ತು ಮಾಡಿದರು. ಅಷ್ಟು ಒಳಗೆ ಜಾಗ ದೊರೆತ ಅಧಿಕಾರಿ ನಮ್ಮ ಕಾಲದಲ್ಲಿ ಇನ್ನೊಬ್ಬನಿರಲಿಲ್ಲ. ಬಕೆತ್ ಬೀದಿಗೆಲ್ಲ ಹೇಳಿ ಬಂದಳು.

ಆ ಜಾಗವನ್ನು ಮತ್ತೊಮ್ಮೆ ನೋಡಿಬರಲು ಒಂದು ಬೆಳಿಗ್ಗೆ ಹೋದವನಿಗೆ ಮಂಟಪದ ಹೊಸಿಲಲ್ಲಿ ತಲೆ ಬೋಳಿಸಿದ ಅರ್ಚಕನೊಬ್ಬ ಅಡ್ಡ ನಿಂತ.

"ಇಲ್ಲಿಂದಾಚೆ ಬರೋ ಹಾಗಿಲ್ಲ, ಯಜಮಾನ್ರೆ. ದೇವರು ಒಳಗೆ ಬಂದಾಯ್ತಲ್ಲ."

"ಈ ಹೊಸಿಲು ಇಡ್ಸಿದ್ದು ನಾನು."

"ಗೊತ್ತು. ಅದಕ್ಕೇ ಮೆತ್ತಗೆ ಹೇಳ್ತಿದೀನಿ."

ನಿಯಮ ಹೋರ್ಮಿನ್‌ಗೆ ತಿಳಿಯದ್ದಲ್ಲ. ತನಗೂ ಅನ್ವಯಿಸೀತೆಂದು ಎಣಿಸಿರಲಿಲ್ಲ, ಅಷ್ಟೆ. ವಾದಿಸದೆ ಹಿಂದಿರುಗಿದ. ಹೊರಬಾಗಿಲಲ್ಲಿ ಎಂದಿನಂತೆ, ಒಳಗೆ ಪ್ರವೇಶವಿಲ್ಲದ ಜನರ ಗುಂಪು. ಈರುಳ್ಳಿ ಮಾರುವ ಹೆಂಗಸೊಬ್ಬಳು ಕೊರಳಿನ ಚಿನ್ನ ಕಂಡು ಎದ್ದು ಬಂದಳು.

"ಅಣ್ಣಾ, ಒಳಗೆ ಹೋಗಿ ಬರೋರು ನೀವು. ನನ್ನ ಗಂಡ ಇಲ್ಲೇ ನಿಮ್ಮ ಕೈಕೆಳಗೆ ಕಲ್ಲು ಕೆತ್ತಿದೋನು, ಕಣ್ಣು ಹೋಗ್ತಾ ಇದೆ. ಒಂದು ಮಾತು ದೇವರ ಕಿವಿಗೆ ಹಾಕಿ."

ಆಗ ತಾನೇ ತಡೆಯಲ್ಪಟ್ಟು ಬಂದವನು ಅದನ್ನು ಅವಳಿಗೆ ಹೇಳಲಾರದೆ ಹೋದ. "ಹೇಳ್ತೀನಮ್ಮ" ಎಂದ. ಹೇಳುವ ದಾರಿ ತನಗಿಲ್ಲವೆಂಬುದು ಮನೆಯವರೆಗೂ ಅವನನ್ನು ಕೊರೆಯಿತು.

ಪ್ರತಿಮೆ ಹೊರಬಾಗಿಲಲ್ಲಿರಲಿ ಎಂದು ಅವನು ಹೇಳಿದಾಗ ಬಕೆತ್‌ಗೆ ನಂಬಲಾಗಲಿಲ್ಲ.

"ಬಾಗಿಲಲ್ಲಾ? ಆ ಧೂಳಲ್ಲಿ, ಆಡುಗಳ ಮಧ್ಯೆ?"

"ಒಳಗೆ ನನ್ನ ಹೆಸರು ಹೇಳೋಕೆ ಯಾರು ಬರ್ತಾರೆ? ತಲೆ ಬೋಳಿಸಿದ ನಾಕು ಜನ. ಅವರಿಗೆ ನನ್ನ ಹತ್ರ ಹೇಳ್ಕೊಳ್ಳೋದೇನೂ ಇಲ್ಲ."

"ಕಲ್ಲು ಹೋಗಿ ದೇವರ ಹತ್ರ ಮಾತಾಡುತ್ತಾ?"

"ಮನುಷ್ಯನ ಕೈಲಿ ಆಗ್ಲಿಲ್ಲ. ಕಲ್ಲಾಗಿ ನೋಡ್ತೀನಿ."

ಅರ್ಚಕರು ಮುನಿಸಿಕೊಂಡರು, ಬಾಗಿಲಿನ ಪ್ರತಿಮೆಗೆ ರೊಟ್ಟಿ ಎಲ್ಲರದೂ ಮುಗಿದ ಮೇಲೆ ಎಂದರು. ಅವನು ಒಪ್ಪಿಕೊಂಡ. ಶಿಲ್ಪಿ ಅವನನ್ನು ಚಕ್ಕಳಮಕ್ಕಳ ಕೂತ ಭಂಗಿಯಲ್ಲಿ ಕಡೆದು, ಮಡಿಲ ಮೇಲೆ ಅವನು ಹೇಳಿದ್ದನ್ನೇ ಕೆತ್ತಿದ: ನಿಮ್ಮ ಅಹವಾಲು ನನಗೆ ಹೇಳಿ, ಒಳಗೆ ಮುಟ್ಟಿಸುತ್ತೇನೆ.

ಮುಂದಿನ ನೆರೆಯ ಹೊತ್ತಿಗೆ ಕೆಮ್ಮು ಅವನನ್ನು ಕೊಂಡೊಯ್ದಿತು. ಕಲ್ಲುಕುಟಿಗನ ಕಣ್ಣು ವಾಸಿಯಾಗಲಿಲ್ಲ. ಆದರೂ ಈರುಳ್ಳಿ ಮಾರುವ ಅವನ ಹೆಂಡತಿ ಪ್ರತಿಮೆಯ ಬಳಿ ಬರುವುದನ್ನು ಬಿಡಲಿಲ್ಲ. ಹಬ್ಬದ ದಿನ ಬಕೆತ್ ಬಿಯರಿನ ಗಡಿಗೆ ಹಿಡಿದು ಅವಳ ಹಿಂದೆ ಸರದಿಗಾಗಿ ನಿಂತಿದ್ದಳು.

"ಮನೇಲಿದ್ದಾಗ ನನ್ನ ಒಂದು ಮಾತೂ ಕೇಳಿದೋರಲ್ಲ. ಈಗ ನೋಡು, ಊರೋರದೆಲ್ಲಾ ಕೇಳ್ತಾ ಕೂತಿದಾರೆ" ಎಂದು ಗೊಣಗಿದಳು. ಸರದಿ ಬಿಟ್ಟು ಹೋಗಲಿಲ್ಲ.

ದೇವಾಲಯ ಕಟ್ಟಿಸಿ ಸನ್ಮಾನಿತರಾದ ಅಧಿಕಾರಿಗಳಲ್ಲಿ ಬಹುಪಾಲು ಮಂದಿ ತಮ್ಮ ಜೀವಿತದ ಸಾರ್ಥಕ್ಯವನ್ನು ಎಷ್ಟು ಒಳಗೆ ಜಾಗ ಸಿಕ್ಕಿತೆಂಬುದರಿಂದ ಅಳೆಯುತ್ತಾರೆ. ಅದು ತಪ್ಪೇನಲ್ಲ, ದುಡಿದವರು ಅವರು. ಅಪರೂಪಕ್ಕೆ ಒಬ್ಬ ಮಾತ್ರ, ತನ್ನದೇ ಕಟ್ಟಡದಿಂದ ಹೊರಗುಳಿದ ದಿನ, ಅಲ್ಲಿ ತನಗಿಂತ ಮೊದಲೇ ಎಷ್ಟೊಂದು ಜನ ನಿಂತಿದ್ದಾರೆಂಬುದನ್ನು ಕಾಣುತ್ತಾನೆ.