ಏಡಿಯ ತಲೆಗೆ ಕಟ್ಟಿದ ತಪ್ಪು

ಔಷಧಿಯಿಂದ ಯಾರೊಬ್ಬರಿಗೂ ತೊಂದರೆಯಾಗದೆ ಇನ್ನೂರ ಹತ್ತು ದಿನ ಕಳೆದಿದ್ದವು. ಮಹಿಳಾ ವಾರ್ಡಿನ ಬಾಗಿಲ ಪಕ್ಕದ ಹಲಗೆ ಹಾಗೆಂದು ಹೇಳುತ್ತಿತ್ತು. ಸಿಸ್ಟರ್ ತೋರಿಕಾ ಬೆಳಿಗ್ಗೆ ಬಂದವಳೇ ಒದ್ದೆ ಬಟ್ಟೆಯಿಂದ ನಿನ್ನೆಯ ಅಂಕಿ ಒರೆಸಿ, ಒಂದು ಕೂಡಿಸಿ ಬರೆದು, ಎರಡು ಹೆಜ್ಜೆ ಹಿಂದೆ ಸರಿದು ಕಣ್ತುಂಬ ನೋಡಿ, ಆಮೇಲೆ ರೋಗಿಗಳ ಕಡೆ ತಿರುಗುತ್ತಿದ್ದಳು. ತೊಂದರೆಯಾದರೆ ತುಂಬಬೇಕಾದ ವರದಿ ಹಾಳೆಗಳ ಕಟ್ಟು ಮೇಜಿನ ಖಾನೆಯಲ್ಲಿತ್ತು. ಅದಕ್ಕೆ ಸುತ್ತಿದ್ದ ಪ್ಲಾಸ್ಟಿಕ್ಕನ್ನು ಇನ್ನೂ ಯಾರೂ ಬಿಚ್ಚಿರಲಿಲ್ಲ.

ವಿಲಿಮೈನಾ ರಾಜಧಾನಿ ಸುವಾದ ನರ್ಸಿಂಗ್ ಶಾಲೆಯ ಮೂರನೆಯ ವರ್ಷದ ವಿದ್ಯಾರ್ಥಿನಿ. ಎಂಟು ವಾರದ ತರಬೇತಿಗೆಂದು ಹಡಗು ಹತ್ತಿ ಈ ದ್ವೀಪದ ಆಸ್ಪತ್ರೆಗೆ ಬಂದಿದ್ದಳು. ಬಂದ ವಾರದಲ್ಲೇ ಅವಳಿಗೆ ನಿಧಾನದವಳೆಂಬ ಹೆಸರು ಬಿತ್ತು. ಶೀಶೆಯನ್ನು ಕಪಾಟಿನಿಂದ ತೆಗೆಯುವಾಗ ಒಮ್ಮೆ, ಔಷಧಿ ಎಳೆದುಕೊಳ್ಳುವಾಗ ಒಮ್ಮೆ, ವಾಪಸು ಇಡುವಾಗ ಮತ್ತೊಮ್ಮೆ ಅದರ ಚೀಟಿ ಓದುವಳು. ಆಮೇಲೆ ರೋಗಿಯ ಹೆಸರನ್ನು ರೋಗಿಯ ಬಾಯಿಂದಲೇ ಹೇಳಿಸುವಳು.

"ಪಾದ್ರಿಯಮ್ಮನ ಪಾರಾಯಣ ಮುಗೀತಾ?" ಎಂದು ತೋರಿಕಾ ಕೇಳುತ್ತಿದ್ದಳು. "ನಿನ್ನ ಔಷಧಿ ಬರೋಷ್ಟರಲ್ಲಿ ರೋಗಿ ತಾನಾಗೇ ವಾಸಿಯಾಗಿ ಮನೆಗೆ ಹೋಗಿರ್ತಾಳೆ."

ಇಡೀ ವಾರ್ಡು ನಗುತ್ತಿತ್ತು. ವಿಲಿಮೈನಾಳೂ ನಗುತ್ತಿದ್ದಳು. ನಕ್ಕು, ಚೀಟಿಯನ್ನು ಮತ್ತೆ ಮೊದಲಿನಿಂದ ಓದುತ್ತಿದ್ದಳು.

ಆ ಗುರುವಾರ ಮಧ್ಯಾಹ್ನ ಸುವಾದಿಂದ ತಪಾಸಣಾ ಸಮಿತಿ ಬರುವುದಿತ್ತು. ಔಷಧಿ ಸುರಕ್ಷತೆಯಲ್ಲಿ ಮೊದಲು ಬಂದ ವಾರ್ಡಿಗೆ ಒಂದು ಪ್ರಶಸ್ತಿ, ಜೊತೆಗೆ ಔಷಧಿ ಇಡಲು ಹೊಸ ಫ್ರಿಜ್ಜು. ತೋರಿಕಾ ಹಿಂದಿನ ದಿನವೇ ತುರ್ತು ಔಷಧಿಗಳ ಕಪಾಟಿನಲ್ಲಿ ಶೀಶೆಗಳನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದ್ದಳು. ಸಾಲು ಕೆಡಬಾರದೆಂದು ಬೀಗ ಹಾಕಿ ಕೀಲಿಯನ್ನು ಜೇಬಿಗೆ ಸೇರಿಸಿದ್ದಳು.

ಆ ಬುಧವಾರ ಸಂಜೆಯೇ ಮ್ಯಾಡಂ ಅಕಾನಿಸಿ ವಾರ್ಡಿಗೆ ಬಂದು ಸೇರಿದರು. ಸಮುದ್ರದಂಚಿನಲ್ಲಿ ಹವಳದ ಬಂಡೆ ತಾಗಿ ಅಂಗಾಲು ಸೀಳಿತ್ತು. ನಾಲ್ಕು ದಿನ ಮನೆಯಲ್ಲೇ ಸೊಪ್ಪು ಕಟ್ಟಿಕೊಂಡಿದ್ದರಿಂದ ಕಾಲು ಮೊಣಕಾಲಿನವರೆಗೆ ಬಾತಿತ್ತು. ಎಪ್ಪತ್ತೈದರ ಈ ಹೆಂಗಸು ನರ್ಸಿಂಗ್ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದವರು. ತೋರಿಕಾ ಅವರ ಶಿಷ್ಯೆ. ಗುರುವನ್ನು ಕಂಡೊಡನೆ ಅವಳು ಸೆರಗು ಸರಿಪಡಿಸಿಕೊಳ್ಳುವ ಸೊಸೆಯಂತೆ ಟೋಪಿ ನೆಟ್ಟಗೆ ಮಾಡಿಕೊಂಡು ನಿಂತಳು.

ಗುರುವಾರ ಬೆಳಿಗ್ಗೆ ಆರಕ್ಕೆ ವಿಲಿಮೈನಾ ಪೆನಿಸಿಲಿನ್ ಚುಚ್ಚುಮದ್ದಿನ ತಟ್ಟೆ ಹಿಡಿದು ಹೋದಳು.

"ಯಾವುದಾದ್ರೂ ಔಷಧಿ ನಿಮಗೆ ಒಗ್ಗದೆ ಹೋಗಿದ್ದುಂಟಾ ಮ್ಯಾಡಂ?"

"ಆ ಪ್ರಶ್ನೆ ಕೇಳದೆ ಸೂಜಿ ಮುಟ್ಟಬಾರದು ಅಂತ ನಿಮ್ಮ ಶಾಲೇಲಿ ಕಲಿಸಿದ್ದು ಯಾರು, ಗೊತ್ತಾ ಹುಡುಗಿ?"

"ನೀವೇ ಅಂತ ಕೇಳಿದೀನಿ."

"ಮತ್ತೆ ನನ್ನನ್ನೇ ಕೇಳ್ತೀಯಲ್ಲ."

"ಉತ್ತರ ಬೇಕಿತ್ತು ಮ್ಯಾಡಂ."

ಮುದುಕಿ ಕಿಟಕಿಯ ಕಡೆ ನೋಡಿದರು. "ಇಲ್ಲ. ಬರ್ಕೋ."

ವಿಲಿಮೈನಾ ಹಾಗೆಯೇ ಬರೆದುಕೊಂಡಳು. ಚುಚ್ಚುಮದ್ದು ಕೊಟ್ಟಳು. ಏಳು ಗಂಟೆಗೆ ರಕ್ತದೊತ್ತಡ ನೋಡಲು ಬಂದಾಗ ಮ್ಯಾಡಂ ಹೊದಿಕೆಯನ್ನು ಗಂಟಲವರೆಗೆ ಎಳೆದುಕೊಂಡು, ಒಳಗೇ ತೋಳು ಕೆರೆಯುತ್ತಿದ್ದರು. ವಿಲಿಮೈನಾ ಹೊದಿಕೆ ಸರಿಸಿದಳು. ತೋಳು, ಎದೆ, ಹೊಟ್ಟೆಯ ತುಂಬ ಕೆಂಪು ದದ್ದು ಎದ್ದಿತ್ತು.

"ಏಡಿ," ಎಂದರು ಮ್ಯಾಡಂ. "ರಾತ್ರಿ ತಂಗಿ ಮಗಳು ತಂದಿದ್ಲು. ತಿಂದೆ."

ತೋರಿಕಾ ಬಂದು ಬಗ್ಗಿ ನೋಡಿದಳು. ಹಲಗೆಯ ಮೇಲೆ ಇನ್ನೂರ ಹನ್ನೊಂದು ಬರೆದ ಶಾಯಿ ಆಗಷ್ಟೇ ಒಣಗುತ್ತಿತ್ತು. "ಏಡಿಯೇ," ಎಂದಳು. "ಏಡಿ ತಿಂದ್ರೆ ಹೀಗೇ ಆಗೋದು."

"ಡಾಕ್ಟರಿಗೆ ಒಂದು ಮಾತು ಹೇಳಿಬಿಡೋಣ ಸಿಸ್ಟರ್."

"ಅವರು ಸಮಿತಿಯವರ ಮುಂದೆ ಮಾಡೋ ಭಾಷಣ ಬಾಯಿಪಾಠ ಮಾಡ್ತಿದಾರೆ. ಏಡಿ ಸುದ್ದಿ ಹೇಳಿ ಮರೆಸಬೇಡ."

ಹತ್ತು ಗಂಟೆಗೆ ತಂಗಿಯ ಮಗಳು ಲೋಸಾನಾ, ಬೇಯಿಸಿದ ದಾಲೋ ಗೆಡ್ಡೆಯನ್ನೂ ತೆಂಗಿನ ಹಾಲಿನ ಸೊಪ್ಪನ್ನೂ ಬುಟ್ಟಿಯಲ್ಲಿ ತಂದಳು. ವಿಲಿಮೈನಾ ಅವಳನ್ನು ಬಾಗಿಲಲ್ಲೇ ನಿಲ್ಲಿಸಿ ರಾತ್ರಿಯ ಏಡಿಯ ವಿಚಾರ ಕೇಳಿದಳು.

"ಏಡಿನಾ? ದೊಡ್ಡಮ್ಮನಿಗೆ ಹಲ್ಲೇ ಇಲ್ಲ, ಏಡಿ ಯಾರು ಒಡೆದು ಕೊಡ್ತಾರೆ?" ಎಂದಳು ಲೋಸಾನಾ. "ರಾತ್ರಿ ತಂದಿದ್ದೂ ಇದೇ ಸೊಪ್ಪು. ಏಡಿ ಹಿಡಿದು ತಂದ್ರೆ ನಮ್ಮನೇಲಿ ಅದು ಆಸ್ಪತ್ರೆ ತನಕ ಬರೋ ಪೈಕಿನಾ?"

ಹನ್ನೆರಡಕ್ಕೆ ಎರಡನೆಯ ಚುಚ್ಚುಮದ್ದು. ವಿಲಿಮೈನಾ ಅದನ್ನು ತಯಾರಿಸಲೇ ಇಲ್ಲ.

"ಏಡಿ ತಿಂದಿಲ್ಲ ಸಿಸ್ಟರ್. ಅವರ ಹುಡುಗೀನ ಕೇಳಿದೆ. ಡಾಕ್ಟರು ನೋಡೋ ತನಕ ಇದನ್ನ ನಾನು ಕೊಡಲಾರೆ."

"ಇಷ್ಟು ವರ್ಷ ಪಾಠ ಹೇಳಿದೋರಿಗೆ ತಾವೇನು ತಿಂದ್ರು ಅಂತ ಗೊತ್ತಿಲ್ಲ, ನಿನಗೆ ಗೊತ್ತು," ಎಂದಳು ತೋರಿಕಾ. ಅಂಗಳದಿಂದ ಸಮಿತಿಯವರ ಗಾಡಿಯ ಸದ್ದು ಕೇಳಿಸಿತು. ಅವಳು ತಾನೇ ಸಿರಿಂಜು ತುಂಬಿ, "ಮ್ಯಾಡಂ, ಕೊಡಲಾ?" ಎಂದಳು. ಮ್ಯಾಡಂ ಒಂದು ಕ್ಷಣ ತಡೆದು ಹೂಂ ಎಂದು ತಲೆಯಾಡಿಸಿದರು. ತೋರಿಕಾ ಚುಚ್ಚಿ, ಕೈ ತೊಳೆದು, ಅತಿಥಿಗಳನ್ನು ಎದುರುಗೊಳ್ಳಲು ಓಡಿದಳು.

ವಿಲಿಮೈನಾ ಹಾಸಿಗೆಯ ಪಕ್ಕದಿಂದ ಕದಲಲಿಲ್ಲ. ಐದು ನಿಮಿಷವೂ ಆಗಿರಲಿಲ್ಲ, ಮುದುಕಿಯ ತುಟಿ ಊದಿತು. ಎದೆಯಲ್ಲಿ ಸಿಳ್ಳೆಯಂಥ ಸದ್ದು ಶುರುವಾಯಿತು. ವಿಲಿಮೈನಾ ಅವರನ್ನು ದಿಂಬಿಗೆ ಒರಗಿಸಿ, ಕಾಲನ್ನು ನೀಳವಾಗಿ ಚಾಚಿಸಿ, ಅವರನ್ನು ಹಿಡಿದುಕೊಂಡಿರಲು ಲೋಸಾನಾಳಿಗೆ ಹೇಳಿ, ಇಂಥ ಹೊತ್ತಿನ ಮದ್ದಾದ ಅಡ್ರಿನಲಿನ್‌ಗಾಗಿ ಕಪಾಟಿನ ಬಳಿ ಹೋದಳು. ಗಾಜಿನಾಚೆ ಶೀಶೆಗಳು ಎತ್ತರದ ಪ್ರಕಾರ ಅಚ್ಚುಕಟ್ಟಾಗಿ ನಿಂತಿದ್ದವು. ಬೀಗ ಹಾಕಿತ್ತು.

ಅಂಗಳದ ಚಪ್ಪರದಡಿ ಚಾಪೆ ಹಾಸಿ ಅತಿಥಿಗಳ ಸ್ವಾಗತ ನಡೆದಿತ್ತು. ಮರದ ಬೋಗುಣಿಯಲ್ಲಿ ಅತಿಥಿಗಳಿಗೆ ಕೊಡುವ ಕಾವಾ ಬೇರಿನ ಪಾನಕ ಕಲಸುತ್ತಿದ್ದರು. ಊರಿನ ಹಿರಿಯರು ಒಂದು ಬದಿ, ಸಮಿತಿಯವರು ಎದುರು ಬದಿ. ಒಬ್ಬರೂ ಉಸಿರೆತ್ತದ ಹೊತ್ತು ಅದು. ಆಗ ಎದ್ದು ಓಡಾಡುವುದಿರಲಿ, ಯಾರೂ ಕೆಮ್ಮುವುದೂ ಇಲ್ಲ. ವಿಲಿಮೈನಾಳ ಕಾಲು ಓಡೆನ್ನುತ್ತಿತ್ತು, ಬೆನ್ನು ತಾನಾಗಿಯೇ ಬಾಗಿತು. ಹುಟ್ಟಿನಿಂದ ಬಂದ ಮರ್ಯಾದೆ ಅಷ್ಟು ಸುಲಭಕ್ಕೆ ಬಿಡದು. ಸೊಂಟ ಬಗ್ಗಿಸಿ, "ತಿಲೋ, ತಿಲೋ" ಎಂದು ಕ್ಷಮೆ ಕೇಳುತ್ತ, ಹಿರಿಯರ ಮೊಣಕಾಲುಗಳ ನಡುವೆ ಅವಳು ಸರಸರನೆ ನುಸುಳಿದಳು.

ತೋರಿಕಾ ಕಣ್ಣಲ್ಲೇ ಗದರಿದಳು. ವಿಲಿಮೈನಾ ನಿಲ್ಲಲಿಲ್ಲ. ತೋರಿಕಾಳ ಜೇಬಿಗೆ ಕೈ ಹಾಕಿ ಕೀಲಿ ಎಳೆದುಕೊಂಡಳು.

"ಮ್ಯಾಡಂಗೆ ಉಸಿರು ಸಿಗ್ತಿಲ್ಲ. ಡಾಕ್ಟರೇ, ಬೇಗ ಬನ್ನಿ," ಎಂದಳು. ಅಷ್ಟು ಮೌನದಲ್ಲಿ ಆ ಮಾತು ಬೋಗುಣಿ ಕಲಸುವವನಿಗೂ ಕೇಳಿಸಿತು.

ಒಳಗೆ ಮ್ಯಾಡಮ್ಮನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ವಿಲಿಮೈನಾ ಶೀಶೆ ಒಡೆದು ಸೂಜಿ ಇಳಿಸುವಷ್ಟರಲ್ಲಿ ಮುದುಕಿ ಬೆರಳಿಂದ ಅವಳ ಮಣಿಕಟ್ಟನ್ನು ತಟ್ಟಿದರು. "ಓದು," ಎಂದರು. ಮಾತು ಉಬ್ಬಸದಲ್ಲಿ ಅರ್ಧ ಮುಳುಗಿತ್ತು.

ಅವಳು ಓದಿದಳು. ಸರಿಯಿತ್ತು. ತೊಡೆಯ ಹೊರಬದಿಗೆ ಚುಚ್ಚಿದಳು. ಡಾಕ್ಟರು ಹಬ್ಬದ ಸುಲು ಪಂಚೆ ಉಟ್ಟುಕೊಂಡೇ ಓಡಿ ಬಂದು ಆಮ್ಲಜನಕ ಹಚ್ಚಿ, ಡ್ರಿಪ್ ಏರಿಸಿ, ಐದು ನಿಮಿಷಕ್ಕೆ ಇನ್ನೊಮ್ಮೆ ಅಡ್ರಿನಲಿನ್ ಕೊಡಿಸಿದರು. ಸ್ವಲ್ಪ ಹೊತ್ತಿಗೆ ಎದೆಯ ಸಿಳ್ಳೆ ಇಳಿಯಿತು. ಮುಖಕ್ಕೆ ಬಣ್ಣ ಬಂತು. ಲೋಸಾನಾ ಗೋಡೆಗೊರಗಿ ಕೂತು ಅತ್ತಳು. ವಿಲಿಮೈನಾ ಖಾಲಿ ಶೀಶೆಯ ಚೀಟಿಯನ್ನು ಇನ್ನೊಮ್ಮೆ ಓದಿ ಕೆಳಗಿಟ್ಟಳು.

ಮೂರು ಗಂಟೆಗೆ ಅವಳು ಮೇಜಿನ ಖಾನೆ ಎಳೆದು ಪ್ಲಾಸ್ಟಿಕ್ಕು ಹರಿದಳು. ತೋರಿಕಾ ಬಳಿಗೆ ಬಂದು ನಿಂತಳು. ಅವಳ ಕುತ್ತಿಗೆಯಲ್ಲಿ ಸ್ವಾಗತದ ಹೂಮಾಲೆ ಇನ್ನೂ ಇತ್ತು.

"ಏಡಿ ಅಂತ ಬರಿ," ಎಂದಳು ಮೆಲ್ಲಗೆ.

"ಇಲ್ಲಿ ಬ್ಯಾಚ್ ನಂಬರ್ ಕೇಳ್ತಾರೆ ಸಿಸ್ಟರ್. ಏಡಿಗೆ ಎಲ್ಲಿಂದ ತರ್ಲಿ?"

ತೋರಿಕಾ ಮಾಲೆ ತೆಗೆದು ಕುರ್ಚಿಯ ಬೆನ್ನಿಗೆ ಹಾಕಿದಳು.

ಹಾಳೆಯಲ್ಲಿ ಇನ್ನೊಂದು ಪ್ರಶ್ನೆಯಿತ್ತು: ಇದೇ ಔಷಧಿಯಿಂದ ಹಿಂದೆ ತೊಂದರೆಯಾಗಿತ್ತೇ? ವಿಲಿಮೈನಾ ಅದನ್ನು ಮ್ಯಾಡಮ್ಮನ ಮುಂದೆ ಹಿಡಿದಳು. ಮುದುಕಿ ಹಾಳೆಯನ್ನು ಕೈಗೆ ತೆಗೆದುಕೊಂಡು ಓದಿದರು.

"ಆಗಿತ್ತು. ಐವತ್ತು ವರ್ಷ ಆಯ್ತು. ಆಗ ಪೆನಿಸಿಲಿನ್ ಪುಡಿ ನಾವೇ ಕಲಸ್ತಿದ್ವಿ. ಅದು ತಾಗಿ ಮೈಮೇಲೆ ದದ್ದು ಎದ್ದ ನರ್ಸನ್ನ ನಮ್ಮ ಮೇಟ್ರನ್ ವಾರ್ಡಲ್ಲಿ ಇಟ್ಕೋತಿರ್ಲಿಲ್ಲ, ಬಟ್ಟೆ ಕೋಣೆಗೆ ಕಳಸ್ತಿದ್ರು. ದಿಂಬಿನ ಚೀಲ ಮಡಚೋಕೆ ನಾನು ನರ್ಸಾಗಿದ್ನಾ?"

"ಅವರಿಗೆ ಏನಂದ್ರಿ?"

"ಏಡಿ ತಿಂದೆ ಅಂದೆ." ಮ್ಯಾಡಂ ಕಣ್ಣು ಮುಚ್ಚಿದರು. "ಆವತ್ತಿಂದ ಯಾರು ಕೇಳಿದ್ರೂ ಇಲ್ಲ ಅಂತಲೇ ಬಂದೆ. ಹೇಳಿ ಹೇಳಿ ನಿಜವೇ ಆಗಿಬಿಟ್ಟಿತ್ತು. ಬೆಳಿಗ್ಗೆ ದದ್ದು ಎದ್ದಾಗ ಮೊದಲು ನೆನಪಾಗಿದ್ದು ಪೆನಿಸಿಲಿನ್ ಅಲ್ಲ ಕಣೇ, ಮೇಟ್ರನ್ ಮುಖ."

ರೋಗಿಗಳು ಸುಳ್ಳು ಹೇಳುತ್ತಾರೆ, ಅದಕ್ಕೇ ಒಂದೇ ಪ್ರಶ್ನೆಯನ್ನು ಮೂರು ಬಗೆಯಲ್ಲಿ ಕೇಳಬೇಕು ಎಂದು ಅವರು ಸಾವಿರಾರು ಹುಡುಗಿಯರಿಗೆ ಕಲಿಸಿದ್ದರು. ಯಾಕೆ ಸುಳ್ಳು ಹೇಳುತ್ತಾರೆ ಎಂಬುದನ್ನು ಮಾತ್ರ ಯಾವ ತರಗತಿಗೂ ಹೇಳಿರಲಿಲ್ಲ. ವಿಲಿಮೈನಾ ಎಲ್ಲವನ್ನೂ ಬರೆದಳು. ಬೆಳಿಗ್ಗೆ ಪ್ರಶ್ನೆಯನ್ನು ತಾನು ಒಂದೇ ಸಲ ಕೇಳಿದ್ದನ್ನೂ ಬರೆದಳು.

ಸಮಿತಿಯ ಮುಖ್ಯಸ್ಥರು ಹೊರಡುವ ಮುಂಚೆ ಅವಳ ಕೈ ಕುಲುಕಿದರು. ಇಂಥ ವರದಿ ಎಲ್ಲ ಕಡೆಯಿಂದಲೂ ಬರಬೇಕು, ಬರುವುದೇ ಇಲ್ಲ ಎಂದು ಕೊರಗಿದರು. ಆದರೆ ಪ್ರಶಸ್ತಿಯ ನಿಯಮ ನಿಯಮವೇ, ತೊಂದರೆ ಸೊನ್ನೆ ಇರಬೇಕು ಎಂದರು. ಮುಂದಿನ ವಾರ ಪ್ರಶಸ್ತಿ ದೂರದ ಇನ್ನೊಂದು ದ್ವೀಪದ ಪುಟ್ಟ ಚಿಕಿತ್ಸಾಲಯಕ್ಕೆ ಹೋಯಿತು. ಅಲ್ಲಿ ಇಡೀ ವರ್ಷ ಔಷಧಿಯಿಂದ ಒಬ್ಬರಿಗೂ ಏನೂ ಆಗಿರಲಿಲ್ಲ. ಹಡಗು ಕೆಟ್ಟು ನಿಂತದ್ದರಿಂದ ಅಲ್ಲಿಗೆ ಏಳು ತಿಂಗಳಿಂದ ಔಷಧಿಯೇ ಹೋಗಿರಲಿಲ್ಲ. ಫ್ರಿಜ್ಜನ್ನು ಮೀನಿಡಲು ಬಳಸುತ್ತಿದ್ದಾರೆಂದು ಆಮೇಲೆ ಸುದ್ದಿ ಬಂತು.

ಮ್ಯಾಡಂ ಅಕಾನಿಸಿ ಬೇರೆ ಔಷಧಿಯಿಂದ ಹತ್ತು ದಿನದಲ್ಲಿ ನಡೆದಾಡುವಂತಾದರು. ಪೆನಿಸಿಲಿನ್ ಒಗ್ಗದು ಎಂದು ಬರೆದು ಮಣಿಕಟ್ಟಿಗೆ ಕಟ್ಟಿದ ಕೆಂಪು ಪಟ್ಟಿಯನ್ನು ಬಂದವರಿಗೆಲ್ಲ ಕೈ ಚಾಚಿ ತೋರಿಸುತ್ತಿದ್ದರು.

ಎಂಟು ವಾರ ಮುಗಿದು ವಿಲಿಮೈನಾ ಹೊರಟ ದಿನ ತೋರಿಕಾ ಹಡಗುಕಟ್ಟೆಯವರೆಗೂ ಬಂದು ಮೌಲ್ಯಮಾಪನದ ಹಾಳೆ ಕೊಟ್ಟಳು. ವಿಲಿಮೈನಾ ಅಲ್ಲೇ ಬಿಚ್ಚಿ ಓದಿದಳು. ಕೆಲಸದಲ್ಲಿ ತೀರ ನಿಧಾನ. ಹಿರಿಯರ ಸಭೆಗೆ ಅಡ್ಡಬಂದದ್ದುಂಟು. ಮೇಲಿನವರ ಮಾತು ಮೀರುತ್ತಾಳೆ. ಮೂರೂ ನಿಜವಾಗಿದ್ದವು.

"ಸಿಟ್ಟು ಬಂತಾ?" ಎಂದಳು ತೋರಿಕಾ.

"ಇಲ್ಲ ಸಿಸ್ಟರ್."

ತೋರಿಕಾ ನೀರಿನ ಕಡೆ ತಿರುಗಿ ನಿಂತಳು. "ನಮ್ಮಮ್ಮನಿಗೆ ಪಿತ್ತಕೋಶದ ಆಪರೇಷನ್ನು. ಮುಂದಿನ ತಿಂಗಳು ಸುವಾಕ್ಕೆ ಕಳಸ್ತಿದೀನಿ," ಎಂದಳು. "ನಿನ್ನನ್ನ ಯಾವ ವಾರ್ಡಿಗೆ ಹಾಕ್ತಾರೆ, ಈಗಲೇ ಗೊತ್ತಾಗುತ್ತಾ?"