ದುರ್ಗವ್ವನ ನಾಲ್ಕು ಹಲ್ಲು

ದುರ್ಗವ್ವ ಮಾತಾಡುವಾಗ ಸೆರಗನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದಳು. ನಾಚಿಕೆ ಹಲ್ಲಿನದು. ನಮ್ಮೂರ ಬೋರಿನ ನೀರು ಕುಡಿದು ಬೆಳೆದವರ ಹಲ್ಲೆಲ್ಲ ಹಳದಿ, ಮೇಲೆ ಕಂದು ಪಟ್ಟಿ. ಗಟ್ಟಿಯೇನೋ ಗಟ್ಟಿ, ನೋಡುವವರಿಗೆ ಮಾತ್ರ ಹೇಸಿಗೆ.

ಗಂಡ ಸತ್ತು ವರ್ಷವಾಗಿತ್ತು. ಎರಡು ವರ್ಷದ ಮಗಳನ್ನು ಕಟ್ಟಿಕೊಂಡು ತಮ್ಮನ ಮನೆಯಲ್ಲಿದ್ದಳು. ತಮ್ಮನ ಹೆಂಡತಿ ರೊಟ್ಟಿ ಮುಚ್ಚಿಡುತ್ತಿದ್ದಳು. 'ಶೀಗಿ ಹುಣ್ಣಿಮಿ ಆದಮ್ಯಾಲೆ ನಿನ್ನ ದಾರಿ ನೀ ನೋಡ್ಕೋ ಅಕ್ಕಾ' ಎಂದು ತಮ್ಮನೂ ಹೇಳಿಬಿಟ್ಟ. ಆಗ ನನ್ನನ್ನು ಹುಡುಕಿಕೊಂಡು ಸಿಂದಗಿಗೆ ಬಂದಳು.

ನಾನು ಬೀರಣ್ಣ, ಡಾಕ್ಟರ್ ಬಸಂತರಾಯರ ಹಲ್ಲಿನ ದವಾಖಾನೆಯ ಕಂಪೌಂಡರ್. ಅದು ಎರಡು ಸಾವಿರದ ಮೂರನೇ ಇಸವಿ. ಹೊಸ ಕುರ್ಚಿ, ಗಾಜಿನ ಬಾಗಿಲು ಬಂದಿದ್ದವು. 'ಒಳ್ಳೆಯ ಸ್ಟಾಫ್ ಬೇಕಾಗಿದ್ದಾರೆ' ಎಂಬ ಚೀಟಿಯೂ ಆ ಬಾಗಿಲಿಗೆ ಅಂಟಿತ್ತು.

ದುರ್ಗವ್ವ ಮ್ಯಾಟ್ರಿಕ್ ಪಾಸಾದವಳು. ಊರಿನ ನರ್ಸಮ್ಮನ ಕೈಕೆಳಗೆ ಎರಡು ವರ್ಷ ಸೂಜಿ ಕುದಿಸಿದವಳು. ನನ್ನ ಮಾತಿಗೆ ಡಾಕ್ಟರು ಒಂದು ದಿನ ನಿಲ್ಲಿಸಿ ನೋಡಲು ಒಪ್ಪಿದರು. ಆ ಒಂದೇ ದಿನದಲ್ಲಿ ಇಕ್ಕಳಗಳ ಹೆಸರು ಕಲಿತಳು. ಕಿರುಚುವ ಕೂಸುಗಳನ್ನು ರಮಿಸಿ ಕುರ್ಚಿಗೆ ಕೂಡ್ರಿಸಿದಳು. ಸಂಜೆ ಡಾಕ್ಟರು ಕರೆದರು.

"ಕೆಲಸ ಚಲೋ ಮಾಡ್ತಿ. ಆದ್ರ ಹಲ್ಲಿನ ದವಾಖಾನ್ಯಾಗ ಇಂಥಾ ಹಲ್ಲಿನಾಕಿ ನಿಂತ್ರ ನನ್ನ ಯಾರ ನಂಬ್ತಾರ?"

"ಬಾಯಿ ಮುಚ್ಚಿಕೊಂಡ ಇರ್ತೇನ್ರಿ ಸಾಹೇಬ್ರ."

"ಹಂಗ ಆಗೂದಿಲ್ಲ. ಮುಂದಿನ ನಾಕು ತಗದು ಬಿಳೀ ಸೆಟ್ ಹಾಕ್ತೇನಿ. ಸ್ಟಾಫಿಗೆ ಫುಕಟ, ರೊಕ್ಕ ಬ್ಯಾಡ. ಹ್ಞೂಂ ಅಂದ್ರ ಕೆಲಸ ನಿಂದು."

ಅವಳು ನನ್ನ ಮುಖ ನೋಡಿದಳು. "ಏನ್ ಮಾಡ್ಲಿ ಅಣ್ಣಾ?"

"ಹ್ಞೂಂ ಅನ್ನು" ಎಂದೆ. ಆ ಮಾತಾಡಿದ ನನ್ನ ನಾಲಿಗೆಗೆ ಹುಳ ಬೀಳಬೇಕಿತ್ತು.

ತಲೆ ಹಿಡಿದವನೂ ನಾನೇ. ಅಲುಗಾಡದ ಹಲ್ಲುಗಳವು, ಡಾಕ್ಟರು ಬೆವೆತುಹೋದರು. ಬೇರುಸಮೇತ ನಾಲ್ಕೂ ತಟ್ಟೆಗೆ ಬಿದ್ದವು. ಒಂದರಲ್ಲೂ ಹುಳುಕಿರಲಿಲ್ಲ. ದುರ್ಗವ್ವ ರಕ್ತದ ಹತ್ತಿ ಕಚ್ಚಿಕೊಂಡೇ ಡಾಕ್ಟರಿಗೆ ಕೈ ಮುಗಿದಳು.

"ಗಾಯ ಮಾಯಲಿ. ಎರಡ ತಿಂಗಳ ಬಿಟ್ಟು ಬಾ" ಎಂದರು.

ಶೀಗಿ ಹುಣ್ಣಿಮೆಯ ಮರುದಿನ ಬಂದಳು. ಕಂಕುಳಲ್ಲಿ ಮಗಳು, ಕೈಯಲ್ಲಿ ಬಟ್ಟೆಯ ಗಂಟು. ಒಳಗೆ ಕುರ್ಚಿಯ ಪಕ್ಕ ಬಿಜಾಪುರದ ವಿಜಯಲಕ್ಷ್ಮಿ ನಿಂತಿದ್ದಳು, ಮಲ್ಲಿಗೆಯಂಥ ಹಲ್ಲಿನವಳು. ಆಕೆ ಸೇರಿ ಹದಿನೈದು ದಿನವಾಗಿತ್ತು. ನನಗೆ ಗೊತ್ತಿದ್ದೂ ದುರ್ಗವ್ವನಿಗೆ ಹೇಳಿಕಳಿಸಿರಲಿಲ್ಲ. ಹೇಡಿ ನಾನು.

"ಕೆಲಸ ಖಾಲಿ ಇಲ್ಲವ್ವಾ" ಎಂದರು ಡಾಕ್ಟರು.

"ಹಲ್ಲಾರ ಹಾಕ್ರಿ ಸಾಹೇಬ್ರ."

"ಫುಕಟ ಅಂದಿದ್ದು ಸ್ಟಾಫಿಗೆ. ನೀ ಸ್ಟಾಫ್ ಎಲ್ಲಿದಿ?"

ಬೆಂಚಿನ ತುಂಬ ಪೇಶಂಟುಗಳಿದ್ದರು. ದುರ್ಗವ್ವ ಮಗಳನ್ನು ಕೆಳಗಿಳಿಸಿ ಸೆರಗು ಸರಿಸಿದಳು. ಎಲ್ಲರಿಗೂ ಕಾಣುವಂತೆ ಬಾಯಿ ತೆರೆದಳು.

"ನೋಡ್ರೆಪಾ. ಗಟ್ಟಿ ಹಲ್ಲ ಕಿತ್ತಾರ, ಕೆಲಸ ಕೊಡ್ತೇನಂತ. ಕೆಲಸ ಕೊಡ್ರಿ ಡಾಕ್ಟ್ರ. ಇಲ್ಲಾಂದ್ರ ನನ್ನ ಹಲ್ಲ ಕೊಡ್ರಿ."

"ಬೀರಣ್ಣ, ಈಕಿನ್ನ ಹೊರಗ ಹಾಕು!"

ನಾನು ಕದಲಲಿಲ್ಲ. ದವಡೆ ಊದಿಸಿಕೊಂಡು ಕೂತಿದ್ದ ಶಂಕ್ರೆವ್ವ ಎಂಬ ಮುದುಕಿ ನನ್ನ ಕಡೆ ತಿರುಗಿದಳು.

"ಖರೇನ ಗಟ್ಟಿ ಇದ್ದೂ ಏನಪಾ?"

ನನ್ನ ಹೊಟ್ಟೆಪಾಡೂ ಅದೇ ದವಾಖಾನೆಯಲ್ಲಿತ್ತು.

"ಹೌದಬೇ. ನಾಕೂ ಗಟ್ಟಿ ಇದ್ದೂ. ತಲಿ ಹಿಡಿದಾವ ನಾನ."

ಡಾಕ್ಟರ ಮುಖ ಕಪ್ಪಿಟ್ಟಿತು. ಅವರು ದಡದಡನೆ ಒಳಗೆ ಹೋಗಿ, ಏನೂ ಆಗಿಲ್ಲವೆಂಬಂತೆ ವಿಜಯಲಕ್ಷ್ಮಿಯಿಂದ ಶಂಕ್ರೆವ್ವನ ಹೆಸರು ಕೂಗಿಸಿದರು. ಮುದುಕಿ ದವಡೆ ಒತ್ತಿಹಿಡಿದು ನರಳಿದಳು. ಆದರೆ ಏಳಲಿಲ್ಲ. ಮುಂದಿನ ಪೇಶಂಟಿನ ಹೆಸರು ಕೂಗಿಸಿದರು. ಅವನೂ ಏಳಲಿಲ್ಲ.

"ಮೊದಲ ಈಕಿಗೆ ಜವಾಬ ಕೊಡ್ರಿ" ಎಂದಳು ಶಂಕ್ರೆವ್ವ.