ನಲವತ್ತೊಂದನೇ ಲೆಕ್ಕ

ಚಂದ್ರಮೋಹನ ಮೌನಿಕಾಳ ಕೈಯಲ್ಲಿದ್ದ ಭೌತಶಾಸ್ತ್ರದ ಗೈಡನ್ನು ಕಿತ್ತುಕೊಂಡು ಕಂಕುಳಲ್ಲಿ ಇರುಕಿಕೊಂಡ.

"ಹೆಣದ ಮುಂದ ಜಗಳ ತೆಗೀಬ್ಯಾಡ. ಇಪ್ಪುಡೊದ್ದು, ಈಗ ಬ್ಯಾಡ," ಎಂದು ಹಲ್ಲು ಕಡಿದ.

"ನಾಳೆ ಪ್ರೆಸ್ಸಿಗೆ ಕೊಡ್ತೀಯಂತ ಗೊತ್ತಾಗೇ ಬಂದೀನಿ. ನಲವತ್ತೊಂದನೇ ಲೆಕ್ಕ ತಿದ್ದಿ ಕೊಡು."

"ಸರ್ ಬರೆದಿದ್ದನ್ನ ತಿದ್ದಾಕ ನೀ ಯಾರು?"

ಸಿದ್ದಬಸಪ್ಪ ಮಾಸ್ತರರನ್ನು ಪಡಸಾಲೆಯಲ್ಲಿ ವಿಭೂತಿ ಬಳಿದು ಗೋಡೆಗೆ ಒರಗಿಸಿ ಕೂರಿಸಿದ್ದರು. ಆಂಧ್ರದ ಗಡಿಯೂರು ಆದವಾನಿಯ ಜೂನಿಯರ್ ಕಾಲೇಜಿನಲ್ಲಿ ಮೂವತ್ತೆರಡು ವರ್ಷ ಭೌತಶಾಸ್ತ್ರ ಹೇಳಿದ ಜೀವ. ತೆಲುಗಿನಲ್ಲಿ ಗೈಡುಗಳಿಗೆ ಬರವಿಲ್ಲ. ಕನ್ನಡದ ಮಕ್ಕಳಿಗೆ ಮಾತ್ರ ಇವರು ರಜೆಯಲ್ಲೆಲ್ಲ ಕೂತು ಬರೆದದ್ದೊಂದೇ ಗತಿ. ಅದರಲ್ಲಿರುವ ತಪ್ಪೂ ಆ ಮಕ್ಕಳಿಗೆ ಗತಿಯೇ. ಪೆದ್ದಕಡುಬೂರಿನಲ್ಲಿ ಟ್ಯೂಷನ್ ಹೇಳುವ ಮೌನಿಕಾ ಸರಿ ಉತ್ತರ ಕಲಿಸಿ ಕಳಿಸಿದರೆ, ಮಾಸ್ತರರ ಕುರ್ಚಿಯಲ್ಲೇ ಈಗ ಕೂತಿರುವ ಈ ಮೆಚ್ಚಿನ ಶಿಷ್ಯ ಚಂದ್ರಮೋಹನ ಅದಕ್ಕೆ ಸೊನ್ನೆ ಸುತ್ತುತ್ತಿದ್ದ.

*

ಹನ್ನೆರಡು ವರ್ಷದ ಹಿಂದೆ ಹತ್ತಿ ಜಿನ್ನಿಂಗ್ ಮಿಲ್ಲಿನ ಹಮಾಲಿ ಪೆದ್ದಣ್ಣನ ಮನೆಗೆ ತಾವೇ ಹೋಗಿ, ಅವನ ಮಗಳು ಮೌನಿಕಾಳನ್ನು ಕಾಲೇಜಿಗೆ ಸೇರಿಸಿದವರು ಮಾಸ್ತರರು. ಬಟ್ಟೆ ಒಣಹಾಕುವ ಹಗ್ಗದ ಒಂದು ತುದಿ ಅವಳ ಕೈಗೆ ಕೊಟ್ಟು, ಇನ್ನೊಂದು ತುದಿ ಜಾಡಿಸಿ, "ನೋಡವಾ, ಅಲೆ ನಿನ್ನ ಹತ್ರ ಬಂತು, ಹಗ್ಗ ಎಲ್ಲಿತ್ತೋ ಅಲ್ಲೇ ಐತಿ," ಎಂದು ತೋರಿಸಿದವರೂ ಅವರೇ.

ಆಮೇಲೊಂದು ದಿನ ತರಗತಿಯಲ್ಲಿ ಬಂತು ಗೈಡಿನ ನಲವತ್ತೊಂದನೇ ಲೆಕ್ಕ. ನೂರ ಎಪ್ಪತ್ತು ಕೆಜಿಯ, ಒತ್ತಿ ಕಟ್ಟಿದ ಹತ್ತಿ ಅಂಡಿಗೆಯನ್ನು ಹಗ್ಗ ಕಟ್ಟಿ ಒಂದೇ ವೇಗದಲ್ಲಿ ಕೆಳಗಿಳಿಸುತ್ತಾರೆ. ಹಗ್ಗದ ಎಳೆತ ಎಷ್ಟು?

"ತೂಕಕ್ಕಿಂತ ಕಡಿಮಿ. ಇಳಿಯಾಕತ್ತೈತಲ್ಲ," ಎಂದರು ಮಾಸ್ತರರು. ಬರೆಯುವಾಗ ಕಣ್ಣು ತಪ್ಪಿತ್ತೋ, ಅಚ್ಚಾದ ಮೇಲೆ ಒಪ್ಪಿಕೊಳ್ಳಲು ಬಿಂಕ ಅಡ್ಡ ಬಂತೋ.

"ಇಲ್ರಿ ಸರ್. ವೇಗ ಬದಲಾಗಂಗಿಲ್ಲ, ಎಳೆತ ತೂಕದಷ್ಟೇ. ನಮ್ಮಪ್ಪ ದಿನಾ ಇಳಸ್ತಾನ, ಕೈಗೆ ಹಗುರ ಆಗಂಗಿಲ್ಲ ಅಂತಾನ."

ಕೆನ್ನೆಗೆ ಬಿತ್ತು. "ಹಂಗಾರ ಹೋಗಿ ನಿಮ್ಮಪ್ಪನ ಕೂಡ ಅಂಡಿಗಿ ಹೊರು!"

ಎಲ್ಲರಿಗಿಂತ ಜೋರಾಗಿ ನಕ್ಕವನು ಚಂದ್ರಮೋಹನ. ಮೌನಿಕಾ ಮತ್ತೆ ಆ ಕಾಲೇಜಿನ ಮೆಟ್ಟಿಲು ತುಳಿಯಲಿಲ್ಲ. ಎಮ್ಮಿಗನೂರಿನಲ್ಲಿ ಓದಿ ಮುಗಿಸಿದಳು. ಲೆಕ್ಕ ಬಿಡಿಸಿ ಬರೆದ ಮೂರು ಕಾಗದಕ್ಕೂ ಮಾಸ್ತರರಿಂದ ಉತ್ತರ ಬರಲಿಲ್ಲ.

*

ಕುಣಿ ಆಳವಾಗಿತ್ತು. ಕೂತ ಹಾಗೆಯೇ ಇಳಿಸಬೇಕಾದ್ದರಿಂದ ಧೋತರದ ಜೋಲಿ ಮಾಡಿ ನಾಲ್ವರು ಶಿಷ್ಯರು ಮೂಲೆ ಹಿಡಿದರು. ಮುಂದಿನ ಮೂಲೆ ಚಂದ್ರಮೋಹನನದು.

"ದಬಕ್ಕನ ಬಿಡಬ್ಯಾಡ್ರಿ. ಒಂದೇ ಸಮ ಇಳಸ್ರಿ," ಎಂದರು ಮಂತ್ರ ಹೇಳುತ್ತಿದ್ದ ಅಯ್ಯನವರು.

ಮೌನಿಕಾಳ ಸಿಟ್ಟು ನೆತ್ತಿಗೇರಿತು. ಸಾವಿನ ಮುಂದೆ ಬಾಯಿ ಮುಚ್ಚಿಕೊಂಡಿರಬೇಕೆಂದು ಅವಳಿಗೂ ಗೊತ್ತು. ಆದರೆ ಈ ಹೊತ್ತು ಬಿಟ್ಟರೆ ನಾಳೆ ಅದೇ ಸುಳ್ಳು ಮತ್ತೆ ಅಚ್ಚಾಗುತ್ತದೆ.

"ಚಂದ್ರಮೋಹನ," ಎಂದಳು, ಎಲ್ಲರಿಗೂ ಕೇಳುವಂತೆ. "ಇಳಿಯಾಕತ್ತೈತಲ್ಲ. ಕೈಗೆ ಹಗುರ ಆತೇನು?"

ಜನ ತಿರುಗಿಬಿದ್ದರು. "ನಾಚಿಕಿ ಐತೇನು ಇಕಿಗೆ? ಹೊರಗ ಹಾಕ್ರಿ!"

ಮಾಸ್ತರರ ಹೆಂಡತಿ ಗುರುಶಾಂತಮ್ಮ ಕೈಯೆತ್ತಿ ತಡೆದರು. ಅವರ ಮುಖದಲ್ಲೂ ಮೌನಿಕಾಳ ಮೇಲೆ ಪ್ರೀತಿಯೇನೂ ಇರಲಿಲ್ಲ.

"ಈಕಿ ಕಾಗದ ಬಂದಾಗೆಲ್ಲ ಅವ್ರು ಎರಡು ದಿನ ಊಟ ಬಿಡ್ತಿದ್ರು. ತಪ್ಪಾತು ಅನ್ನಾಕ ಮಾತ್ರ ಬಾಯಿ ಬರಲಿಲ್ಲ. ನೀನಾರ ಹೇಳು ಚಂದ್ರಮೋಹನ, ಮುಗದು ಹೋಗ್ಲಿ ಇದು."

ಧೋತರ ಚಂದ್ರಮೋಹನನ ಅಂಗೈ ಕೊಯ್ಯುತ್ತಿತ್ತು, ಬಿಡುವಂತಿರಲಿಲ್ಲ. ಅವಳನ್ನು ನುಂಗಿಬಿಡುವಂತೆ ನೋಡಿದ.

"ಇಲ್ಲ," ಎಂದ ಕೊನೆಗೆ. "ಅಷ್ಟೇ ಭಾರ ಐತಿ."

ಕುಣಿಯ ಸುತ್ತ ನಿಂತಿದ್ದ ಶಿಷ್ಯರೆಲ್ಲ ಅದನ್ನು ಕೇಳಿಸಿಕೊಂಡರು. ಮಾಸ್ತರರು ನೆಲ ಮುಟ್ಟಿದರು. ಮಣ್ಣು ಹಾಕಲು ಬಗ್ಗಿದ ಚಂದ್ರಮೋಹನನ ಬೆರಳುಗಳು ಭಾರ ಹಿಡಿದು ಮರಗಟ್ಟಿ ಮಡಚಲೇ ಇಲ್ಲ. ಎತ್ತಿದ ಮಣ್ಣೆಲ್ಲ ಸಂದಿಯಿಂದ ಜಾರಿ ಅವನ ಕಾಲ ಮೇಲೆಯೇ ಸುರಿಯಿತು.